ಭಾನುವಾರಕ್ಕೆ ಎಳೆದ ಗೀಟು

ನೆಸ್, ಲೂಯಿಸ್ ದ್ವೀಪ
ಮಂಗಳವಾರ, 3 ಮಾರ್ಚ್ 1998

ದೊಡ್ಡಪ್ಪ,

ನಾನು ಡೋಲಿನಾ, ನಿಮ್ಮ ತಮ್ಮ ಟಾರ್ಮೊಡ್‌ನ ಮಗಳು. ನೀವು ನನ್ನನ್ನು ಕೊನೆಯ ಸಲ ನೋಡಿದಾಗ ನನಗೆ ಒಂಬತ್ತು, ಈಗ ಹದಿನೆಂಟು. ನಿಮ್ಮ ವಿಳಾಸವನ್ನು ಅಮ್ಮನ ಹೊಲಿಗೆ ಡಬ್ಬಿಯಿಂದ ಕದ್ದೆ. ಕಾಗದವನ್ನು ‘ಕ್ಷೇಮ’ ಎಂದು ಶುರು ಮಾಡಬೇಕಂತೆ. ಇಲ್ಲಿ ಕ್ಷೇಮವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ವರ್ಷ ಶಾಲೆ ಬಿಟ್ಟೆ. ಯಾರೂ ಹೊರಗೆ ಹಾಕಲಿಲ್ಲ, ನನಗೇ ಕೂತಿರಲು ಆಗಲಿಲ್ಲ. ಈಗ ಅಪ್ಪನ ಮಗ್ಗದ ಕೊಟ್ಟಿಗೆಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತೇನೆ.

ಅಪ್ಪನ ಮೂತ್ರಪಿಂಡ ಕೆಡುತ್ತಿದೆ. ಕಾರಣ ಬಿಪಿ. ನರ್ಸ್ ಶೋನಾಗ್ ಒಂದು ಯಂತ್ರ, ಒಂದು ಪುಸ್ತಕ ಕೊಟ್ಟು ಹೋಗಿದ್ದಾಳೆ. ದಿನಾ ಸಂಜೆ ಅಳೆದು ಬರೆಯಬೇಕು. ಪುಸ್ತಕದ ಪ್ರಕಾರ ಅಪ್ಪ ಪರವಾಗಿಲ್ಲ, ಮಾತ್ರೆ ನುಂಗಿ ನೂರೈವತ್ತರ ಆಸುಪಾಸು. ರಕ್ತ ಪರೀಕ್ಷೆಯ ಪ್ರಕಾರ ಚೆನ್ನಾಗಿಲ್ಲ. ಎರಡರಲ್ಲಿ ಯಾವುದನ್ನು ನಂಬುವುದೋ ಡಾಕ್ಟರಿಗೆ ತಿಳಿಯುತ್ತಿಲ್ಲ. ಭಾನುವಾರದ ಚೌಕಕ್ಕೆ ಮಾತ್ರ ಅಪ್ಪ ಸ್ಕೇಲು ಇಟ್ಟು ಗೀಟು ಎಳೆಯುತ್ತಾನೆ. ದೇವರ ದಿನ ಯಂತ್ರ ಮುಟ್ಟುವುದಿಲ್ಲ.

ಮೊನ್ನೆ ಶೋನಾಗ್ ಕೇಳಿದಳು: “ನಿಮ್ಮಪ್ಪ ಐವತ್ಮೂರಕ್ಕೆ ಹೋದ್ರು. ನಿನಗೆ ಐವತ್ತೊಂದು. ಏನು ಅವಸರ ಟಾರ್ಮೊಡ್? ಯಾರ ಮೇಲಾದ್ರೂ ಸಿಟ್ಟು ಇಟ್ಕೊಂಡಿದೀಯಾ?”

“ಯಾರ ಮೇಲೂ ಇಲ್ಲ,” ಅಂದ ಅಪ್ಪ.

ಅಮ್ಮ ಒಲೆಯ ಹತ್ತಿರದಿಂದ ತಿರುಗದೆ, “ಹೌದು ಶೋನಾಗ್, ಇವರು ಕುರಿಮರಿ. ಅಣ್ಣನ ಹೆಸರು ಹೇಳಿ ನೋಡು, ಕೊಂಬು ಕಾಣತ್ತೆ,” ಅಂದಳು. ಅಪ್ಪ ಎದ್ದು ಹೊರಗೆ ಹೋದ.

ನೀವು ಒಂದು ಸಾಲು ಬರೆದರೆ ಸಾಕು: ‘ತಪ್ಪಾಯಿತು.’ ಏನು ತಪ್ಪು ಅಂತ ನನಗೆ ಗೊತ್ತಿಲ್ಲ, ಇಲ್ಲಿ ಯಾರೂ ಹೇಳುವುದಿಲ್ಲ. ತಪ್ಪು ಅಪ್ಪನದೇ ಆಗಿದ್ದರೂ ನೀವೇ ಬರೆಯಿರಿ. ಕಾಯಿಲೆಯವನು ಅವನು.

ಡೋಲಿನಾ


ಗ್ಲಾಸ್ಗೋ
ಶುಕ್ರವಾರ, 13 ಮಾರ್ಚ್ 1998

ಡೋಲಿನಾ,

ಕಾಗದ ತಲುಪಿತು. ನಿನ್ನ ಅಕ್ಷರ ನಮ್ಮ ಅಮ್ಮನ ಅಕ್ಷರದ ಹಾಗಿದೆ. ಬುದ್ಧಿ ಯಾರದೋ ತಿಳಿಯಲಿಲ್ಲ.

ಕೂತಿರಲು ಆಗುವುದಿಲ್ಲ ಎಂದಿದ್ದೀಯೆ. ಕಲಿತುಕೋ. ನಾನೂ ಕೂತೇ ಇದ್ದೇನೆ. ಎಡಗೈಗೆ ಬೇರೆ ಕೆಲಸವಿದೆ, ಬಲಗೈಗೆ ಬಿಡುವಿದೆ, ಹಾಗಾಗಿ ಬರೆಯುತ್ತಿದ್ದೇನೆ.

‘ತಪ್ಪಾಯಿತು’ ಎಂದು ಬರೆಯುವುದಿಲ್ಲ. ನಮ್ಮೂರಲ್ಲಿ ಶವಪೆಟ್ಟಿಗೆಯನ್ನು ಇಳಿಸುವಾಗ ತಲೆಯ ಕಡೆಯ ಹಗ್ಗ ಹಿರಿಯ ಮಗನ ಕೈಯಲ್ಲಿರಬೇಕು. 1989ರ ಅಕ್ಟೋಬರಿನಲ್ಲಿ ನಮ್ಮ ಅಮ್ಮನ ತಲೆಯ ಹಗ್ಗವನ್ನು ಹಿಡಿದವನು ಟಾರ್ಮೊಡ್. ಇನ್ನೊಂದು ಗಂಟೆ ಕಾದಿದ್ದರೆ ನಾನು ಅಲ್ಲಿರುತ್ತಿದ್ದೆ. ನಾನು ಸ್ಮಶಾನದ ಗೇಟು ಮುಟ್ಟುವಾಗ ಜನ ಸಲಿಕೆ ಹೊತ್ತು ಹೊರಗೆ ಬರುತ್ತಿದ್ದರು. ಯಾಕೆ ಕಾಯಲಿಲ್ಲ ಎಂದು ಅವನನ್ನು ಕೇಳು. ನನ್ನ ಫೋನನ್ನು ಕೆಳಗಿಟ್ಟವರು ಯಾರು ಎಂದೂ ಕೇಳು.

ಮಾತ್ರೆ ಮಾತ್ರ ತಪ್ಪಿಸಬಾರದು ಎಂದು ಹೇಳು. ನಾನು ಹೇಳಿದೆ ಎನ್ನಬೇಡ.

ಈವರ್


ನೆಸ್
ಗುರುವಾರ, 19 ಮಾರ್ಚ್ 1998

ದೊಡ್ಡಪ್ಪ,

ಕೇಳಿದೆ. ಅಪ್ಪ ಮಗ್ಗ ತುಳಿಯುತ್ತಿದ್ದ. “ಅಜ್ಜಿ ಸತ್ತಾಗ ದೊಡ್ಡಪ್ಪನ ಫೋನ್ ಬಂದಿತ್ತಾ?” ಅಂದೆ. ಮಗ್ಗ ನಿಂತಿತು. ನನ್ನನ್ನೇ ತುಂಬ ಹೊತ್ತು ನೋಡಿದ.

“ಕಂಡಿಕೆ ಖಾಲಿಯಾಗಿದೆ,” ಅಂದ.

“ಬಂದಿತ್ತಾ ಇಲ್ವಾ?”

“ಕಂಡಿಕೆ ಕೊಡೇ ಡೋಲಿ.”

ಅಮ್ಮನನ್ನು ಕೇಳಿದೆ. ಫೋನೇ ಬರಲಿಲ್ಲ, ಶುಕ್ರವಾರವೆಲ್ಲ ಕಾದು ಶನಿವಾರ ಹೂತೆವು ಎಂದಳು. ಅಮ್ಮ ಸುಳ್ಳು ಹೇಳುವುದಿಲ್ಲ. ಹಾಗಾದರೆ ನೀವು ಹೇಳುತ್ತಿದ್ದೀರಿ. ಮುಖಕ್ಕೇ ಹೇಳುತ್ತಿದ್ದೆ, ನಡುವೆ ಸಮುದ್ರ ಇದೆ. ಮತ್ತೆ ಆ ಎಡಗೈಯ ಕೆಲಸ ಏನು, ಗ್ಲಾಸು ಹಿಡಿಯುವುದಾ?

ಅಮ್ಮನಿಗೆ ನೆನಪಿರುವುದು ನೀವು ಗೇಟಿನಲ್ಲಿ ಊರಿನ ಮುಂದೆ ಹೇಳಿದ ಮಾತು: “ನಾಯಿ ಹೂಳೋ ಹಾಗೆ ಹೂತ್ಬಿಟ್ಟೆಯಲ್ಲೋ.” ಅಪ್ಪನಿಗೂ ಅದೇ ನೆನಪಿರುವುದು. ನಿಮಗೆ ಭಾನುವಾರದ ಅಪ್ಪ ಗೊತ್ತಿಲ್ಲ. ವಾರವೆಲ್ಲ ಮಗ್ಗ ತುಳಿಯುವಾಗ ಅವನು ಒಳ್ಳೆಯವನು, ಜೋಕು ಹೇಳುತ್ತಾನೆ. ಭಾನುವಾರ ಮಗ್ಗವಿಲ್ಲ, ರೇಡಿಯೊ ಇಲ್ಲ, ಒಗೆದ ಬಟ್ಟೆ ಹಗ್ಗದ ಮೇಲಿಲ್ಲ. ಚರ್ಚಿನ ಎರಡು ಆರಾಧನೆಯ ನಡುವೆ ಕಿಟಕಿಯ ಹತ್ತಿರ ಕೂತು ಸ್ಮಶಾನದ ದಾರಿ ನೋಡುತ್ತಾನೆ. ತುಟಿ ಅಲ್ಲಾಡುತ್ತದೆ. ಪ್ರಾರ್ಥನೆ ಅಂದುಕೊಂಡಿದ್ದೆ. ಹೋದ ವಾರ ಹಿಂದೆ ನಿಂತು ಕೇಳಿದೆ. “ಬಂದ್ನಾ? ಬಂದ. ಬಂದು ಏನಂದ? ಎಲ್ಲರ ಮುಂದೆ ಏನಂದ?” ಕುತ್ತಿಗೆ ಕೆಂಪಾಗಿ, ಹಣೆಯ ನರ ಎದ್ದಿತ್ತು. ಅವನು ದೇವರ ಹತ್ತಿರ ಅಲ್ಲ, ನಿಮ್ಮ ಹತ್ತಿರ ಮಾತಾಡುತ್ತಿದ್ದ.

ಡೋಲಿನಾ


ಗ್ಲಾಸ್ಗೋ
ಸೋಮವಾರ, 30 ಮಾರ್ಚ್ 1998

ಡೋಲಿನಾ,

ಸುಳ್ಳುಗಾರ ಎಂದು ಕಾಗದದಲ್ಲಿ ಬರೆಯುವ ಧೈರ್ಯ ನಿನ್ನ ತಂದೆಗೆ ಇರಲಿಲ್ಲ. ನಿನಗಿದೆ. ಹಾಗಾಗಿ ಇದನ್ನು ಒಂದೇ ಸಲ ಹೇಳುತ್ತೇನೆ.

ನನ್ನ ಹಡಗು ರಾಟರ್‌ಡ್ಯಾಮಿನಲ್ಲಿತ್ತು. ಎರಡು ದಿನ ಬೇರೆ ಹಡಗು, ರೈಲು, ಬಸ್ಸು ಹಿಡಿದು ಶುಕ್ರವಾರ ಸಂಜೆ ಉಲ್ಲಾಪುಲ್ ಬಂದರು ಮುಟ್ಟಿದೆ. ಲೂಯಿಸ್‌ಗೆ ಹೋಗುವ ದೋಣಿ ಹೊರಟುಹೋಗಿತ್ತು. ಮುಂದಿನದು ಶನಿವಾರ ಬೆಳಿಗ್ಗೆ. ಕಟ್ಟೆಯ ಪಕ್ಕದ ಫೋನ್ ಬೂತಿನಿಂದ ಮನೆಗೆ ಕರೆದೆ. ತುಂಬ ಹೊತ್ತು ಬಡಿದ ಮೇಲೆ ಯಾರೋ ಎತ್ತಿದರು. ಉಸಿರು ಕೇಳಿತು. “ನಾನು, ಈವರ್. ನಾಳೆ ದೋಣಿ ಬರೋ ತನಕ ತಡೀರಿ,” ಎಂದೆ. ಉತ್ತರವಿಲ್ಲ. ರಿಸೀವರನ್ನು ಮರದ ಮೇಲೆ ಇಟ್ಟ ಸದ್ದು. ಆಮೇಲೆ ಒಳಗಿನಿಂದ ಕೀರ್ತನೆ. ಮನೆ ತುಂಬ ಜನ, ನಮ್ಮ ಅಮ್ಮನಿಗಾಗಿ ಹಾಡುತ್ತಿದ್ದರು. ನಾಣ್ಯ ಮುಗಿಯುವವರೆಗೆ ಕೇಳಿದೆ. ಕೂಗಿದೆ ಕೂಡ. ಯಾರೂ ಬರಲಿಲ್ಲ. ಮತ್ತೆ ಕರೆದರೆ ಲೈನು ಬಿಡುವಿಲ್ಲ.

ಮಾತಾಡಬೇಕಾಗಿಲ್ಲ ಎಂದು ಫೋನನ್ನು ಪಕ್ಕಕ್ಕಿಟ್ಟ ಮನೆ ಅದು. ಈಗ ಹೇಳು, ಯಾರಿಗೆ ಸಿಟ್ಟು ಬರಬೇಕು?

ಈವರ್


ನೆಸ್
ಭಾನುವಾರ, 5 ಏಪ್ರಿಲ್ 1998

ದೊಡ್ಡಪ್ಪ,

ಭಾನುವಾರ ಬರೆಯುತ್ತಿದ್ದೇನೆ, ಹಾಸಿಗೆಯ ಕೆಳಗೆ ಬಚ್ಚಿಡಬೇಕು. ಮಧ್ಯಾಹ್ನ ಅಪ್ಪ ಕಿಟಕಿಯಿಂದ ಎದ್ದವನು ಗೋಡೆ ಹಿಡಿದುಕೊಂಡ. ಕಣ್ಣ ಮುಂದೆ ಕಪ್ಪು ಹುಳ ಹಾರುತ್ತಿವೆ ಎಂದ. ನಾನು ಯಂತ್ರ ತಂದೆ.

“ಇವತ್ತು ಬೇಡ,” ಅಂದ.

ಅಮ್ಮ ಅವನ ತೋಳು ಎಳೆದಳು. “ಕೈ ಕೊಡ್ರೀ. ದೇವರ ಹತ್ರ ನಾನು ಮಾತಾಡ್ಕೋತೀನಿ.”

204/118. ನಿನ್ನೆ ಹತ್ತು ಗಂಟೆ ಕಾಲ ಮಗ್ಗ ತುಳಿದ ಮೇಲೆ ಸಂಜೆ 148 ಇತ್ತು. ಒಂದೇ ಮನುಷ್ಯ, ಒಂದೇ ಕುರ್ಚಿ.

ಅಪ್ಪನಿಗೆ ಕಾಯಿಲೆ ಬರುವುದು ಭಾನುವಾರ. ಆ ದಿನದ್ದೇ ಪುಸ್ತಕದಲ್ಲಿ ಇಲ್ಲ. ಬೇರೆ ಏನೂ ಬರೆಯಲು ಇಲ್ಲ.

ಡೋ


ಗ್ಲಾಸ್ಗೋ
ಬುಧವಾರ, 8 ಏಪ್ರಿಲ್ 1998

ಡೋಲಿನಾ,

ಆ ಸಂಖ್ಯೆಯನ್ನು ಇಂಕಿನಲ್ಲಿ ಪುಸ್ತಕಕ್ಕೆ ಹಾಕು. ಇವತ್ತೇ ನರ್ಸಿಗೆ ಹೇಳು. ಮೂವತ್ತು ವರ್ಷ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದವನು ನಾನು. ಬಾಯ್ಲರ್ ಒಡೆಯುವುದು ಮಾಪಕವನ್ನು ಯಾರೂ ನೋಡದ ಪಾಳಿಯಲ್ಲೇ. ದೇವರಿಗೆ ಬೇಜಾರಾದರೆ ನನ್ನ ಹೆಸರಿಗೆ ಬರೆದುಕೊಳ್ಳಲಿ, ಹೇಗೂ ನನ್ನ ಪಟ್ಟಿ ಉದ್ದವಿದೆ.

ಇನ್ನೊಂದು ಮಾತು. ಫೋನಿನ ವಿಷಯ ಬರೆದಿದ್ದೆ. ಹಿಂದಿನ ಕಾಗದದಲ್ಲಿ ನನ್ನನ್ನು ಸುಳ್ಳುಗಾರ ಎಂದವಳು ಈ ಸಲ ಅದರ ಬಗ್ಗೆ ಒಂದಕ್ಷರವೂ ಬರೆದಿಲ್ಲ. ಯಾಕೆ?

ಈವರ್


ನೆಸ್
ಶನಿವಾರ, 2 ಮೇ 1998

ದೊಡ್ಡಪ್ಪ,

ಮೂರು ವಾರ ಈ ಕಾಗದವನ್ನು ಬರೆದು ಹರಿದೆ. ನಾನು ಹೀಗೆ ಮಾಡುವವಳಲ್ಲ. ಶಾಲೆ ಬಿಡುವ ದಿನ ಹೆಡ್‌ಮಾಸ್ಟರಿಗೆ “ನಿಮ್ಮ ಪಾಠ ನಿಮಗೇ ಬೇಜಾರು” ಎಂದು ಹೇಳಿ ಬಂದವಳು. ಇದು ಬಾಯಿಗೆ ಬರುತ್ತಿಲ್ಲ.

ಫೋನ್ ಎತ್ತಿದವಳು ನಾನು.

ನಿಮ್ಮ ಕಾಗದದಲ್ಲಿ ‘ಮರದ ಮೇಲೆ ಇಟ್ಟ ಸದ್ದು’ ಎಂದು ಓದಿದಾಗ ನೆನಪಾಯಿತು. ಹಜಾರದ ಸಣ್ಣ ಮೇಜು. ಒಳಗೆ ಪ್ರಾರ್ಥನೆ. ನಮ್ಮಲ್ಲಿ ಪ್ರಾರ್ಥನೆಯ ಹೊತ್ತಿಗೆ ಫೋನ್ ಎತ್ತುವುದಿಲ್ಲ, ನಿಮಗೆ ಗೊತ್ತು. ಅದು ಬಡಿಯುತ್ತಲೇ ಇತ್ತು. ಬಾಗಿಲ ಹತ್ತಿರ ಇದ್ದವಳು ನಾನೊಬ್ಬಳೇ. ಒಬ್ಬಾಕೆ ನನ್ನ ಕಡೆ ಕಣ್ಣು ಬಿಟ್ಟಳು. ಸದ್ದು ನಿಲ್ಲಿಸು ಎಂದು ಅರ್ಥ. ಹೋಗಿ ಎತ್ತಿದೆ. ಗಂಡಸಿನ ದನಿ ಏನೋ ಹೇಳಿತು. ಪ್ರಾರ್ಥನೆಯಲ್ಲಿ ಮಾತಾಡಿದರೆ ಪಾಪ ಎಂದು ಬಾಯಿ ಮುಚ್ಚಿಕೊಂಡು, ಮತ್ತೆ ಬಡಿಯದಿರಲಿ ಎಂದು ಮೇಜಿನ ಮೇಲೆ ಮಲಗಿಸಿದೆ. ಒಳಗೆ ಹೋಗಿ ಕೂತೆ. ಮರೆತೆ. ನಿಜವಾಗಿಯೂ ಮರೆತೆ. ಇದನ್ನು ನೀವು ನಂಬಬೇಕಿಲ್ಲ.

ಎಂಟೂವರೆ ವರ್ಷದಿಂದ ಇಬ್ಬರು ಗಂಡಸರು ಸಿಟ್ಟಿನಲ್ಲಿದ್ದೀರಿ. ಒಬ್ಬನ ಮೂತ್ರಪಿಂಡ ಹೋಗುತ್ತಿದೆ. ಮಾಡಿದವಳು ನಾನು. ಅಪ್ಪನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಬಿಪಿ ಎಷ್ಟಕ್ಕೆ ಏರುತ್ತದೋ ಎಂಬ ಹೆದರಿಕೆ.

204 ಅನ್ನು ಇಂಕಿನಲ್ಲೇ ಬರೆದಿದ್ದೆ. ಅಪ್ಪ ಅದರ ಮೇಲೂ ಗೀಟು ಎಳೆದ. ಶೋನಾಗ್ ಹೇಳಿದಳು: “ಒಂದು ಸಲದ್ದು ನೋಡಿ ಡಾಕ್ಟರು ಮಾತ್ರೆ ಬದಲಾಯಿಸಲ್ಲ ಕಣೆ. ನಾಲ್ಕು ಭಾನುವಾರದ್ದು ಬೇಕು. ಜೂನ್ ಕೊನೆ ಒಳಗೆ ತಂದ್ಕೊಡು. ಆಮೇಲೆ ತಂದ್ರೆ ಮಾತ್ರೆಯಿಂದ ಏನೂ ಆಗಲ್ಲ.” ಅಪ್ಪ ಕೈ ಕೊಡುತ್ತಿಲ್ಲ.

ಒಂದು ಪ್ರಶ್ನೆ. ನಿಮ್ಮ ಕಾಗದಗಳೆಲ್ಲ ಸೋಮವಾರ, ಬುಧವಾರ, ಶುಕ್ರವಾರವೇ ಯಾಕೆ? ಆ ದಿನ ಎಲ್ಲಿ ಕೂತಿರುತ್ತೀರಿ?

ಡೋಲಿನಾ


ಗ್ಲಾಸ್ಗೋ
ಶುಕ್ರವಾರ, 8 ಮೇ 1998

ಡೋಲಿ,

ಆಸ್ಪತ್ರೆಯಲ್ಲಿ. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ. ಎಡಗೈಗೆ ಎರಡು ಸೂಜಿ ಹಾಕಿ ರಕ್ತವನ್ನು ಯಂತ್ರದಲ್ಲಿ ತೊಳೆದು ವಾಪಸು ಕೊಡುತ್ತಾರೆ. ನನ್ನ ಎರಡೂ ಮೂತ್ರಪಿಂಡ ಕೆಲಸ ನಿಲ್ಲಿಸಿ ಎರಡು ವರ್ಷವಾಯಿತು. ಟಾರ್ಮೊಡ್‌ಗೆ ಹೇಳಬೇಡ.

ನೀನು ನಿಜ ಹೇಳಿದ್ದೀಯೆ, ನಾನೂ ಹೇಳಬೇಕು.

1991ರಲ್ಲಿ ನಿನ್ನ ಅಮ್ಮ ನನಗೊಂದು ಕಾಗದ ಹಾಕಿದಳು. ‘ಇವರಿಗೆ ಬಿಪಿ ಇರುವುದು ಗೊತ್ತಾಗಿದೆ, ಅದು ಮನೆತನದ್ದಂತೆ, ನೀವೂ ಪರೀಕ್ಷೆ ಮಾಡಿಸಿ’ ಎಂದು. ಆ ಮನೆಯ ಬುದ್ಧಿವಾದ ನನಗೆ ಬೇಡ ಎಂದು ಒಲೆಗೆ ಹಾಕಿದೆ. ಐದು ವರ್ಷ ಡಾಕ್ಟರ ಹತ್ತಿರ ಹೋಗಲಿಲ್ಲ. ಹೋಗುವುದೆಂದರೆ ಟಾರ್ಮೊಡ್‌ನ ಮನೆಯ ಮಾತು ಕೇಳಿದಂತೆ ಆಗುತ್ತಿತ್ತು. ಸಿಟ್ಟಿನಿಂದಲೇ ಕಾಯಿಲೆ ಬರುತ್ತದೆ ಎಂದು ಇಲ್ಲಿನ ಡಾಕ್ಟರು ಹೇಳುವುದಿಲ್ಲ. ನಮ್ಮದು ಅಪ್ಪನಿಂದ ಬಂದದ್ದು. ಆದರೆ ಕಾಯಿಲೆ ಒಳಗೆ ಬರುವಾಗ ನನ್ನ ಸಿಟ್ಟು ಬಾಗಿಲು ಹಿಡಿದು ನಿಂತಿತ್ತು, ಡಾಕ್ಟರನ್ನು ಒಳಗೆ ಬಿಡಲಿಲ್ಲ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಫೋನಿನಲ್ಲಿ ಕೀರ್ತನೆ ಕೇಳಿದೆ ಎಂದೆನಲ್ಲ. ಮೊದಲು ಒಬ್ಬನೇ ಸಾಲು ಎತ್ತಿಕೊಡುತ್ತಾನೆ, ಆಮೇಲೆ ಎಲ್ಲರೂ ಹಿಡಿಯುತ್ತಾರೆ. ಸಾಲು ಎತ್ತಿಕೊಡುತ್ತಿದ್ದ ದನಿ ಟಾರ್ಮೊಡ್‌ನದು. ಒಳಕೋಣೆಯಲ್ಲಿ ಹಾಡುತ್ತಿರುವವನು ಹಜಾರದಲ್ಲಿ ಫೋನ್ ಇಡಲಾರ. ಬೂತಿನಿಂದ ಹೊರಗೆ ಬರುವ ಮೊದಲೇ ನನಗದು ಹೊಳೆಯಬೇಕಿತ್ತು. ಒಂದು ತಿಂಗಳಲ್ಲಿ ಹೊಳೆಯಿತು. ಅಷ್ಟರಲ್ಲಿ ಗೇಟಿನ ಮಾತು ಆಡಿ ಆಗಿತ್ತು. ಅವನು ತಪ್ಪು ಮಾಡಿಲ್ಲವೆಂದಾದರೆ ನಾನು ಆಡಿದ ಮಾತಿಗೆ ನಾನೊಬ್ಬನೇ ಹೊಣೆ. ಅದು ಬೇಡವಾಗಿತ್ತು.

ಆದ್ದರಿಂದ ನೀನು ಇದನ್ನು ಹೊರಬೇಡ. ನೀನು ಫೋನ್ ಇಟ್ಟೆ, ಅಷ್ಟೇ. ಉಳಿದದ್ದನ್ನು ದೊಡ್ಡವರು ಮಾಡಿದೆವು.

ಒಂದು ಸಲ ಬಂದು ಹೋಗಬಹುದಿತ್ತು. ಶುಕ್ರವಾರ ಸೂಜಿ ತೆಗೆದ ಮೇಲೆ ಹೊರಟರೆ ಶನಿವಾರ ದೋಣಿ ಸಿಗುತ್ತದೆ. ಭಾನುವಾರ ನಿಮ್ಮ ದೋಣಿ ಹೊರಡುವುದಿಲ್ಲ. ಸೋಮವಾರ ಬೆಳಿಗ್ಗೆ ನಾನು ಇಲ್ಲಿರಬೇಕು. ಮತ್ತೆ ದೋಣಿಯೇ ಅಡ್ಡ.

ದೊಡ್ಡಪ್ಪ


ನೆಸ್
ಶುಕ್ರವಾರ, 15 ಮೇ 1998

ದೊಡ್ಡಪ್ಪ,

‘ಹೇಳಬೇಡ’ ಎಂದಿದ್ದಿರಿ. ಹೇಳಿದೆ. ಎರಡನ್ನೂ.

ಮಂಗಳವಾರ, ಮಗ್ಗದ ಕೊಟ್ಟಿಗೆಯಲ್ಲಿ. ಮೊದಲು ನನ್ನದು. “ಅಪ್ಪ, ಆ ಫೋನ್ ಎತ್ತಿ ಇಟ್ಟಿದ್ದು ನಾನು.”

“ಗೊತ್ತು,” ಅಂದ.

ನನ್ನ ಕೈಯ ಕಂಡಿಕೆ ಬಿತ್ತು. “ಯಾವಾಗಿಂದ?”

“ಅವತ್ತಿಂದ. ಎಲ್ಲಾ ಹೋದ್ಮೇಲೆ ನೋಡಿದ್ರೆ ರಿಸೀವರ್ ಮೇಜಿನ ಮೇಲಿತ್ತು. ನೀನು ಎದ್ದು ಹೋಗಿದ್ದು ಕಂಡಿತ್ತು. ಯಾರ ಫೋನ್ ಅಂತ ಗೊತ್ತಾಗಿದ್ದು ಮಾರನೇ ದಿನ, ಅವನು ಗೇಟಲ್ಲಿ ಕಿರುಚಿದಾಗ.”

“ಅವತ್ತೇ ಹೇಳ್ಬಹುದಿತ್ತಲ್ಲ!”

“ಊರ ಮುಂದೆ ಒಂಬತ್ತು ವರ್ಷದ ಮಗುನ ತೋರಿಸ್ಬೇಕಿತ್ತಾ?”

“ಆಮೇಲೆ? ಕಾಗದ ಬರೆದು?”

ಬಗ್ಗಿ ತುಂಡಾದ ಒಂದು ಎಳೆಗೆ ಗಂಟು ಹಾಕಿದ. “ಬರೀಬಹುದಿತ್ತು. ಬರೀಲಿಲ್ಲ. ನಾನು ಅಂಥೋನು ಅಂತ ನಂಬಿಬಿಟ್ನಲ್ಲ, ಒಂದೇ ಹೊಟ್ಟೇಲಿ ಹುಟ್ಟಿ. ಆ ಸಿಟ್ಟು ಬೆಚ್ಚಗಿತ್ತು ಕಣೆ ಡೋಲಿ. ವಾರವೆಲ್ಲ ಮಗ್ಗ, ಭಾನುವಾರ ಅದು.”

ಆಮೇಲೆ ನಿಮ್ಮ ಎಡಗೈಯ ವಿಷಯ ಹೇಳಿದೆ. ತಿರುಗಿ ಕೂತು ಮಗ್ಗ ತುಳಿಯತೊಡಗಿದ. ಹೋಗಿ ನೋಡಿದರೆ ಲಾಳಿಯಲ್ಲಿ ನೂಲೇ ಇಲ್ಲ. ಕಂಡಿಕೆ ನನ್ನ ಕಾಲ ಹತ್ತಿರ ಬಿದ್ದಿತ್ತು. ಕಾಲು ಗಂಟೆ ಖಾಲಿ ಲಾಳಿ ಓಡಿಸಿದ.

ಫೋನ್ ಮಾಡು ಎಂದೆ. “ಏನಂತ ಹೇಳ್ಲಿ?” ಎಂದ. ಮೂರು ದಿನದಿಂದ ಅದೇ ಪ್ರಶ್ನೆ. ನಿಮ್ಮಿಬ್ಬರಿಗೂ ಮಾತು ಬರುವುದಿಲ್ಲ. ಬಂದಾಗ ಗೇಟಿನಲ್ಲಿ ಬಂದ ಹಾಗೆ ಬರುತ್ತದೆ.

ಅದಕ್ಕೆ ಹೀಗೆ ಮಾಡೋಣ. ಇಪ್ಪತ್ತನಾಲ್ಕನೇ ತಾರೀಖು, ಭಾನುವಾರ, ಸಂಜೆ ಆರಕ್ಕೆ ಫೋನಿನ ಹತ್ತಿರ ಇರಿ. ಬಡಿದರೆ ಎತ್ತಿ. ಮಾತಾಡಬೇಡಿ.

ಡೋಲಿ


ಗ್ಲಾಸ್ಗೋ
ಸೋಮವಾರ, 25 ಮೇ 1998

ಡೋಲಿ,

ಇಲ್ಲಿನ ನರ್ಸ್ ಸೂಜಿ ಹಾಕಿ ಈಗ ತಾನೇ ಹೋದಳು.

ಆರಕ್ಕೆ ಎತ್ತಿದೆ. ನಿನ್ನ ಉಸಿರು ಕೇಳಿತು. ಮರದ ಮೇಲೆ ಇಟ್ಟ ಸದ್ದು ಕೇಳಿತು. ಅದೇ ಸದ್ದು. ಒಂದು ಕ್ಷಣ ಫೋನನ್ನು ಗೋಡೆಗೆ ಎಸೆಯಬೇಕು ಎನ್ನಿಸಿತು, ಇಷ್ಟೆಲ್ಲ ಆದ ಮೇಲೂ. ಆ ಸಿಟ್ಟು ನನ್ನ ತೋಳಿನೊಳಗೇ ಕಾದು ಕೂತಿತ್ತು ನೋಡು.

ಆಮೇಲೆ ಟಾರ್ಮೊಡ್ ಸಾಲು ಎತ್ತಿಕೊಟ್ಟ.

ಇಪ್ಪತ್ತು ವರ್ಷದಿಂದ ಹಾಡಿದವನಲ್ಲ ನಾನು. ಮೊದಲನೇ ಸಾಲಿಗೆ ಬಾಯಿ ಬರಲಿಲ್ಲ. ಎರಡನೆಯದಕ್ಕೆ ಬಂತು. ಪಕ್ಕದ ಮನೆಯವನು ಗೋಡೆ ಗುದ್ದಿದ. ಗುದ್ದಲಿ.

ಆದರೆ ಒಂದು ವಿಷಯ ನಿಮ್ಮ ನರ್ಸಿಗೆ ಹೇಳು. ಟಾರ್ಮೊಡ್‌ಗೆ ಉಸಿರು ಸಾಲುತ್ತಿಲ್ಲ. ಒಂದು ಸಾಲು ಮುಗಿದು ಇನ್ನೊಂದು ಎತ್ತುವ ಮೊದಲು ಎಷ್ಟು ಹೊತ್ತು ನಿಲ್ಲಿಸುತ್ತಿದ್ದ! ಮೊದಲು ಜನರ ದನಿ ಇಳಿಯುವ ಮುಂಚೆಯೇ ಮುಂದಿನದನ್ನು ಎತ್ತುತ್ತಿದ್ದವನು. ಎದೆಯ ಫೋಟೋ ತೆಗೆಸು.

ದೊಡ್ಡಪ್ಪ


ನೆಸ್
ಗುರುವಾರ, 28 ಮೇ 1998

ದೊಡ್ಡಪ್ಪ,

ನಿಮಗೆ ಕೇಳಿಸಿತು, ಕಾಣಿಸಲಿಲ್ಲ. ಆದ್ದರಿಂದ ಬರೆಯುತ್ತೇನೆ.

ಸಂಜೆಯ ಮನೆಪ್ರಾರ್ಥನೆಯ ಹೊತ್ತು, ಹಜಾರದ ಬಾಗಿಲು ತೆರೆದಿಟ್ಟಿದ್ದೆ. ನಾನು ಬಂದು ಕೂರುವಾಗ ಅಪ್ಪ ಕೀರ್ತನೆಯ ಪುಸ್ತಕ ತೆರೆದಿದ್ದ. ಕಣ್ಣೆತ್ತಿದವನು ನನ್ನ ಹಿಂದೆ ಮೇಜಿನ ಮೇಲೆ ಮಲಗಿದ್ದ ರಿಸೀವರನ್ನು ನೋಡಿದ. ಅಮ್ಮ ಬೇಗ ಕಣ್ಣು ಮುಚ್ಚಿಕೊಂಡಳು, ತನಗೇನೂ ಗೊತ್ತಿಲ್ಲ ಎನ್ನುವ ಹಾಗೆ. ಅವನ ಕುತ್ತಿಗೆ ಕೆಂಪಾಯಿತು. ಎದ್ದು ಬಂದು ಇಟ್ಟುಬಿಡುತ್ತಾನೆ ಎಂದುಕೊಂಡೆ. ಎದ್ದ ಕೂಡ. ಮತ್ತೆ ಕೂತ. ಸಾಲು ಎತ್ತಿಕೊಟ್ಟ.

ನಾನೂ ಅಮ್ಮನೂ ಹಿಡಿದೆವು. ಇಬ್ಬರು ಹೆಂಗಸರ ತೆಳ್ಳನೆಯ ದನಿ, ನಿಮಗೆ ಕೇಳಿರಬೇಕು. ಎರಡನೆಯ ಸಾಲಿಗೆ ಹಜಾರದಿಂದ ನಿಮ್ಮ ದನಿ ಬಂತು. ಒರಟಾಗಿ, ನಮಗಿಂತ ಹಿಂದೆ ಬಿದ್ದು. ನಮ್ಮಿಬ್ಬರದೂ ಮುಗಿದಿತ್ತು. ನಿಮ್ಮದು ಮುಗಿದಿರಲಿಲ್ಲ.

ಅಪ್ಪನಿಗೆ ಉಸಿರು ಸಾಕಷ್ಟಿದೆ ದೊಡ್ಡಪ್ಪ. ಎದೆಯ ಫೋಟೋ ಬೇಡ. ಅವನು ಪುಸ್ತಕದ ಮೇಲೆ ಬೆರಳಿಟ್ಟುಕೊಂಡು, ಬಾಗಿಲ ಕಡೆ ಕಿವಿ ಮಾಡಿಕೊಂಡು, ನಿಮ್ಮ ದನಿ ಮುಗಿಯುವ ತನಕ ಕಾಯುತ್ತಿದ್ದ. ಪ್ರತಿ ಸಾಲಿಗೂ ಕಾದ.

ಮುಗಿದ ಮೇಲೆ ನಾನು ಹೋಗಿ ಫೋನ್ ಇಟ್ಟು ಬಂದೆ. ಅಪ್ಪ ಅಂಗಿಯ ತೋಳು ಮೇಲೇರಿಸುತ್ತಿದ್ದ.

“ತಾರೇ ನಿನ್ನ ಯಂತ್ರ,” ಅಂದ.

“ಇವತ್ತು ಭಾನುವಾರ,” ಅಂದೆ. ಸುಮ್ಮನೆ, ಕೆಣಕಲು.

“ನನಗೆ ವಾರ ಗೊತ್ತು.”

192/110. ಸುಳ್ಳು ಬರೆಯುವುದಿಲ್ಲ, ಹೆಚ್ಚೇನೂ ಇಳಿದಿಲ್ಲ. ಶೋನಾಗ್ ನೋಡಿ ಇದೂ ಕೆಟ್ಟದ್ದೇ ಎಂದಳು. ಆದರೆ ಅದನ್ನು ಭಾನುವಾರದ ಚೌಕದಲ್ಲಿ ಅಪ್ಪನೇ ಬರೆದ, ಸ್ಕೇಲು ಮುಟ್ಟಲಿಲ್ಲ.

ಇನ್ನು ಮೂರು ಭಾನುವಾರದ್ದು ಬೇಕು. ಆರು ಗಂಟೆಗೆ ಫೋನಿನ ಹತ್ತಿರ ಇರಿ.

ಡೋಲಿ